ಸಹಾಯ ಬೇಕು: ಹಗುರವಾದ ಹೆಡ್‌ಲ್ಯಾಂಪ್ ಯಾವುದು ತಗೊಳ್ಳಲಿ?

ಚಾರಣಕ್ಕೂ ಕ್ಯಾಂಪಿಂಗ್‌ಗೂ ಆಗುವಂಥ ಹೆಡ್‌ಲ್ಯಾಂಪ್ ಹುಡುಕುತ್ತಿದ್ದೇನೆ. ಬಳಸಿದವರು ಸ್ವಲ್ಪ ಹೇಳಿ. ಈಗಿರುವುದಕ್ಕೆ ಮೂರು ಎಎಎ ಸೆಲ್. ಬೆಳಕೇನೋ ಚೆನ್ನಾಗಿದೆ, ಆದರೆ ಇಳಿಜಾರಲ್ಲಿ ಬೇಗ ಬೇಗ ಹೆಜ್ಜೆ ಹಾಕಿದರೆ ಹಣೆಯಿಂದ ಜಾರಿ ಮೂಗಿನ ಮೇಲೆ ಕೂರುತ್ತದೆ. ಪಟ್ಟಿ ಬಿಗಿ ಮಾಡಿದರೆ ತಲೆನೋವು.

ಪೆಟ್ಜಲ್ ಕಂಪನಿಯ ಬಿಂದಿ ಅನ್ನೋ ಮಾಡೆಲ್ ನೋಡಿದೆ. ಬರೀ 35 ಗ್ರಾಂ, ಬೆಳಕು 200 ಲುಮೆನ್. ತೂಕ ನೋಡಿದರೆ ಆಸೆ ಆಗುತ್ತದೆ. ಆದರೆ ಬ್ಯಾಟರಿ ಒಳಗೇ ಕೂತಿರುತ್ತದೆ, ಚಾರ್ಜ್ ಮುಗಿದರೆ ಸೆಲ್ ಬದಲಾಯಿಸುವ ಹಾಗಿಲ್ಲ. ಜೊತೆಗೆ ಪವರ್ ಬ್ಯಾಂಕ್ ಹೊತ್ತರೆ ಹಗುರ ಎಲ್ಲಿ ಉಳಿಯಿತು, ಅಲ್ವಾ? ಎರಡು ಮೂರು ರಾತ್ರಿ ಹೊರಗಿರುವವರು ಏನು ಮಾಡುತ್ತೀರಿ?

ಇನ್ನೊಂದು ಅನುಮಾನ. ಡಬ್ಬದ ಮೇಲೆ ಬರೆದ ಗಂಟೆಗಳನ್ನು ಎಷ್ಟು ನಂಬಬಹುದು? ಟಾರ್ಚ್, ಹೆಡ್‌ಲ್ಯಾಂಪ್‌ಗಳನ್ನು ಪರೀಕ್ಷಿಸುವ ಎಫ್‌ಎಲ್ 1 ಅನ್ನೋ ಮಾನದಂಡದಲ್ಲಿ ಬೆಳಕು ಶುರುವಿನ 10%ಗೆ ಇಳಿಯುವ ತನಕದ ಹೊತ್ತನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ. ಅಷ್ಟು ಮಬ್ಬಲ್ಲಿ ಕಲ್ಲು, ಬೇರು ಕಾಣಬೇಕಲ್ಲ! ಬೆಳಕು ಆದಷ್ಟು ಒಂದೇ ಸಮ ಇರುವ ಮಾಡೆಲ್ ಗೊತ್ತಿದ್ದರೆ ತಿಳಿಸಿ.

ಕೆಂಪು ಬೆಳಕು ಬೇಕೇ ಬೇಕು. ಅದೂ ಬಿಳಿ ಬೆಳಕು ದಾಟಿ ಬರದೆ ನೇರವಾಗಿ ಹತ್ತಬೇಕು. ಇಲ್ಲದಿದ್ದರೆ ಟೆಂಟ್‌ನಲ್ಲಿ ಪಕ್ಕದವರ ನಿದ್ದೆ ಕೆಟ್ಟ ಹಾಗೇ. ಮಳೆಗೆ ಐಪಿಎಕ್ಸ್4 (ನೀರು ಸಿಡಿದರೆ ತಡೆಯುವ ಮಟ್ಟ) ಸಾಕಾ, ಐಪಿಎಕ್ಸ್7ಗೇ (ನೀರಲ್ಲಿ ಮುಳುಗಿದರೂ ತಡೆಯುವ ಮಟ್ಟ) ಹೋಗಬೇಕಾ? ನೀರಲ್ಲಿ ಮುಳುಗಿಸುವ ಯೋಚನೆಯಂತೂ ಇಲ್ಲ. ಚೀಲದೊಳಗೆ ಸುಮ್ನೆ ತಾನಾಗಿ ಹತ್ತಿಕೊಳ್ಳದ ಹಾಗೆ ಲಾಕ್ ಇದ್ದರೆ ಇನ್ನೂ ಒಳ್ಳೇದು. 400ಕ್ಕಿಂತ ಜಾಸ್ತಿ ಲುಮೆನ್ ಇರುವ ಭಾರದ ಲ್ಯಾಂಪ್‌ಗಳು ಮಾತ್ರ ಬೇಡ.