ಸಹಾಯ ಬೇಕು: ಒಂದೊಂದು ಹಾಡಿಗೂ ಒಂದೊಂದು ವಾಲ್ಯೂಮ್!
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್‌ನಲ್ಲಿ ಹಾಡು ಕೇಳೋಕೆ ಕೂತರೆ ವಾಲ್ಯೂಮ್ ಕಾಟ ಜಾಸ್ತಿಯಾಗಿದೆ. ಹಳೆಯ ರೆಕಾರ್ಡಿಂಗ್ ಮೆಲ್ಲಗೆ ಕೇಳುತ್ತದೆ ಅಂತ ಪ್ಲೇಯರ್‌ನಲ್ಲಿ 90ಕ್ಕೆ ಏರಿಸಿಟ್ಟಿರುತ್ತೇನೆ, ಮುಂದಿನ ಹೊಸ ಹಾಡು ಕಿವಿಗೆ ಬಡಿದ ಹಾಗೆ ಶುರುವಾಗುತ್ತದೆ, ಓಡಿ ಬಂದು ಇಳಿಸುವಷ್ಟರಲ್ಲಿ ಮಲಗಿದವರೆಲ್ಲ ಎದ್ದಿರುತ್ತಾರೆ.

ಯಾರೋ ಹೇಳಿದರು ಅಂತ ಎಲ್ಲ ಫೈಲ್‌ಗಳಿಗೂ ರಿಪ್ಲೇಗೇನ್ ಸ್ಕ್ಯಾನ್ ಮಾಡಿದೆ. ಅದು ಹಾಡಿನ ಧ್ವನಿಯನ್ನು ಮುಟ್ಟದೆ, ಎಷ್ಟು ಡೆಸಿಬಲ್ ಏರಿಸಬೇಕು, ಎಷ್ಟು ಇಳಿಸಬೇಕು ಅನ್ನೋದನ್ನು ಫೈಲ್ ಒಳಗೇ ಇರುವ ಮಾಹಿತಿ ಚೀಟಿ, ಅಂದರೆ ಟ್ಯಾಗ್‌ನಲ್ಲಿ ಬರೆದಿಡುತ್ತದೆ ಅಲ್ವಾ? ಟ್ಯಾಗ್ ನೋಡಿದರೆ ಒಂದರಲ್ಲಿ -8, ಇನ್ನೊಂದರಲ್ಲಿ +3 ಅಂತ ಸರಿಯಾಗೇ ಇದೆ. ಆದರೆ ಕೇಳೋಕೆ ಒಂದಿಷ್ಟೂ ವ್ಯತ್ಯಾಸವಿಲ್ಲ! ಪ್ಲೇಯರ್ ಆ ಟ್ಯಾಗನ್ನು ಓದುವಂತೆ ಬೇರೆ ಎಲ್ಲಾದರೂ ಆನ್ ಮಾಡಬೇಕಾ?

ನಾನು ಹಾಡುಗಳನ್ನು ಶಫಲ್‌ನಲ್ಲೇ ಕೇಳೋದು, ಹಾಗಾಗಿ ಇಡೀ ಆಲ್ಬಮ್‌ಗೆ ಒಂದೇ ಅಳತೆ ಹಾಕುವ ಆಲ್ಬಮ್ ಮೋಡ್ ಬಿಟ್ಟು, ಒಂದೊಂದು ಹಾಡನ್ನೂ ಬೇರೆಬೇರೆಯಾಗಿ ಸರಿಮಾಡುವ ಟ್ರ್ಯಾಕ್ ಮೋಡ್ ಇಟ್ಟರೆ ಸರಿ ಅನ್ಸುತ್ತೆ. ಪ್ರೀಆಂಪ್ (ಎಲ್ಲ ಹಾಡಿನ ಧ್ವನಿಯನ್ನೂ ಒಟ್ಟಿಗೆ ಏರಿಸಿ ಇಳಿಸುವ ಸೆಟ್ಟಿಂಗ್) ಸುಮ್ನೆ ಏರಿಸಿ ನೋಡಿದೆ, ಜೋರಾದ ಕಡೆ ಧ್ವನಿ ಒಡೆಯಿತು, ವಾಪಸ್ 0ಗೆ ತಂದೆ.

ಇನ್ನೊಂದು, ಪ್ಲೇಯರ್ ಸ್ಲೈಡರ್ 100ರಲ್ಲಿಟ್ಟು ಸಿಸ್ಟಮ್ ವಾಲ್ಯೂಮ್ ಇಳಿಸೋದಾ, ಇಲ್ಲ ಉಲ್ಟಾನಾ? ನೀವು ಹೇಗೆ ಇಟ್ಟುಕೊಂಡಿದ್ದೀರಿ ಹೇಳಿ. ಬೇಕಿದ್ದರೆ ಸೆಟ್ಟಿಂಗ್ಸ್ ಸ್ಕ್ರೀನ್‌ಶಾಟ್ ಹಾಕುತ್ತೇನೆ.