ಮಸಾಜ್ ಮಾಡುವವರ ಪ್ರಶ್ನೆ, ಫಿಸಿಯೋ ಮೇಡಂ ಉತ್ತರ (ಕೇಳಿದವರ ಹೆಸರಿನ ಬದಲು ಅವರ ಊರು, ಬಡಾವಣೆ)

ಅಡ್ಮಿನ್: ಇವತ್ತು ಸಂಜೆ ಮೇಡಂ ಗ್ರೂಪಲ್ಲಿ ಇರುತ್ತಾರೆ. ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡ್ತಾರೆ, ಮಸಾಜ್ ಕಲಿಸ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಕುವೆಂಪುನಗರ: ನಮಸ್ತೆ ಮೇಡಂ, ಮಸಾಜ್‌ಗೆ ಯಾವ ಎಣ್ಣೆ ಬೆಸ್ಟ್?

ಮೇಡಂ: ನಮಸ್ತೆ. ಎಳ್ಳೆಣ್ಣೆ ಸಾಕು, ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ. ಎಳ್ಳು ಆಗದವರೂ ಇರುತ್ತಾರೆ, ಹೊಸಬರಿಗೆ ಮೊದಲು ಮುಂಗೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ.

ಗೋಕುಲಂ: ಯೋಗ ಕಲಿಯೋಕೆ ಬಂದಿರುವ ಫಾರಿನ್‌ನವರು ನಮ್ಮಲ್ಲಿ ಜಾಸ್ತಿ. ಕುಂಡಿ ಕೆಳಗೆ, ಕೂರುವ ಮೂಳೆ ಹತ್ತಿರ ನೋವು ಅಂತಾರೆ. ಎಷ್ಟು ಒತ್ತಿದರೂ ಇನ್ನೂ ಜೋರಾಗಿ ಒತ್ತಿ ಅಂತಾರೆ. ಮೊಣಕೈ ಹಾಕಬಹುದಾ?

ಮೇಡಂ: ಬೇಡ. ತೊಡೆ ಹಿಂದಿನ ಸ್ನಾಯು ಆ ಮೂಳೆಗೆ ಅಂಟಿಕೊಳ್ಳುವ ಜಾಗ ಕೆರಳಿರುತ್ತದೆ. ದಿನಾ ಮುಂದಕ್ಕೆ ಬಾಗಿ ಬಾಗಿ ಆಗೋದು ಅದು. ಮೂಳೆ ಮೇಲೆ ಒತ್ತಿದರೆ ಇನ್ನೂ ಕೆರಳುತ್ತೆ. ತೊಡೆಯ ಮಾಂಸ ಇರುವ ಕಡೆ ಮಾತ್ರ ಕೆಲಸ ಮಾಡಿ, ಬಾಗುವ ಆಸನ ಸ್ವಲ್ಪ ದಿನ ಕಡಿಮೆ ಮಾಡೋಕೆ ಹೇಳಿ. ಕೇಳಲ್ಲ, ಆದರೂ ಹೇಳಿ.

ಸರಸ್ವತಿಪುರಂ: ಕಪ್ಪಿಂಗ್ ಸೆಟ್ (ಮೈಗೆ ಕಚ್ಚಿಸಿ ಚರ್ಮ ಎಳೆಯೋ ಬಟ್ಟಲು) ತಗೋಬೇಕು, ಗಾಜಿನದಾ ಪ್ಲಾಸ್ಟಿಕ್ಕಾ?

ಮದ್ದೂರು: ಮೇಡಂ, ನಾನು ಮನೆಮನೆಗೆ ಹೋಗಿ ಬಾಣಂತಿಗೆ ಎಣ್ಣೆ ನೀರು ಹಾಕ್ತೀನಿ. ಒಬ್ಬ ಹುಡುಗಿಗೆ ಸಿಸೇರಿಯನ್ ಆಗಿ 16 ದಿನ. ನಿನ್ನೆಯಿಂದ ಎಡಗಾಲು ಮೀನಖಂಡ ಊದಿದೆ, ಮುಟ್ಟಿದರೆ ಬಿಸಿ, ನೆಲಕ್ಕೆ ಕಾಲು ಊರಿದರೆ ನೋವು. ಬಲಗಾಲು ಸರಿಯಾಗೇ ಇದೆ. ಅವರತ್ತೆ ಶೀತ ಇಳಿದಿದೆ, ಬಿಸಿ ಎಣ್ಣೆ ಹಾಕಿ ಚೆನ್ನಾಗಿ ನೀವಿಬಿಡು ಅಂತಾರೆ. ನಾಳೆ ಬೆಳಗ್ಗೆ ಹೋಗ್ಬೇಕು. ಎಷ್ಟು ಒತ್ತಬಹುದು?

ಮೇಡಂ: ಒತ್ತಲೇಬೇಡಿ. ನಾಳೆವರೆಗೂ ಕಾಯಬೇಡಿ, ಈಗಲೇ ಆ ಮನೆಗೆ ಫೋನ್ ಮಾಡಿ. ಇದು ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು. ಹೆರಿಗೆ ಆದಮೇಲೆ 6 ವಾರ ರಕ್ತ ಬೇಗ ಹೆಪ್ಪುಗಟ್ಟುತ್ತೆ. ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ, ಅದರ ಮೇಲೆ ನಮ್ಮ ಕಡೆ ಬಾಣಂತಿನ ಮಂಚದಿಂದ ಇಳಿಸಲ್ಲ, ನೀರೂ ಲೆಕ್ಕ ಹಾಕಿ ಕೊಡ್ತಾರೆ. ಬಸುರಿ ಬಾಣಂತಿಯರಲ್ಲಿ ಇದು ಎಡಗಾಲಿಗೇ ಹೆಚ್ಚು ಬರೋದು. ನೀವು ಮೀನಖಂಡ ನೀವಿದಾಗ ಆ ಹೆಪ್ಪು ಕಿತ್ತು ಮೇಲಕ್ಕೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಜೀವ ಹೋಗಬಹುದು. ಹೆದರಿಸ್ತಿಲ್ಲ, ಇರೋದೇ ಹಾಗೆ. ಎರಡೂ ಕಾಲು ಸಮವಾಗಿ ಊದೋದು ಹೆರಿಗೆ ಆದಮೇಲೆ ಸಾಮಾನ್ಯ, ಅದರ ಜೊತೆ ತಲೆನೋವಿದ್ದರೆ ಬಿಪಿ ನೋಡಿಸಬೇಕು. ಒಂದೇ ಕಾಲು ಅಂದರೆ ಬೇರೆ ಕಥೆ. ಇವತ್ತು ರಾತ್ರಿಯೇ ಮಂಡ್ಯ ಮಿಮ್ಸ್ ಆಸ್ಪತ್ರೆಗೆ ಹೋಗಲಿ, ಕಾಲಿಗೆ ಡಾಪ್ಲರ್ ಸ್ಕ್ಯಾನ್ ಮಾಡ್ತಾರೆ, ರಕ್ತ ಸರಿಯಾಗಿ ಹರೀತಿದೆಯಾ ಅಂತ ನೋಡೋದು ಅದು. ಉಸಿರು ಕಟ್ಟೋದು, ಎದೆನೋವು, ಕೆಮ್ಮಿದಾಗ ರಕ್ತ, ಇದರಲ್ಲಿ ಒಂದಿದ್ದರೂ 108. ಅತ್ತೆಗೆ ನಾನು ಹೇಳಿದೆ ಅನ್ನಿ, ಬೈದರೆ ನನ್ನನ್ನೇ ಬೈಯಲಿ.

ಪಾಂಡವಪುರ: ಫಾರ್ವರ್ಡ್ ಬಂದಿದೆ ನೋಡಿ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿದರೆ 3 ದಿನದಲ್ಲಿ ಊತ ಮಾಯ. ಪಾದ ಮೇಲಕ್ಕೆ ಬಗ್ಗಿಸಿ, ನೋವು ಬಂದರೆ ಮಾತ್ರ ಹೆಪ್ಪು, ಇಲ್ಲದಿದ್ದರೆ ವಾಯು ಅಂತೆ.

ಮೇಡಂ: ಅಡ್ಮಿನ್ ಫಾರ್ವರ್ಡ್ ಬೇಡ ಅಂದಿದ್ದು ಕಾಣಲಿಲ್ವಾ? ಪಾದ ಬಗ್ಗಿಸಿ ನೋಡೋದನ್ನ ನಂಬೋ ಹಾಗಿಲ್ಲ. ಹೆಪ್ಪಿದ್ದರೂ ನೋವು ಬರದೇ ಇರಬಹುದು, ಇಲ್ಲದಿದ್ದರೂ ಬರಬಹುದು. ಎಕ್ಕದ ಹಾಲು ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ಹಸುಗೂಸು ಪಕ್ಕದಲ್ಲೇ ಮಲಗಿರುತ್ತೆ, ನೆನಪಿರಲಿ. ದಯವಿಟ್ಟು ಡಿಲೀಟ್ ಮಾಡಿ.

ಶ್ರೀರಂಗಪಟ್ಟಣ: ನಮ್ಮಜ್ಜಿ ಊರಿನ ಬಾಣಂತಿಯರಿಗೆಲ್ಲಾ ನೀರು ಹಾಕಿದವರು, ಯಾರಿಗೂ ಏನೂ ಆಗಿಲ್ಲ. ಈಗಿನವರಿಗೆ ಎಲ್ಲದಕ್ಕೂ ಸ್ಕ್ಯಾನು.

ಗೋಕುಲಂ: ಅಣ್ಣಾ, ಆಗ ಸಿಸೇರಿಯನ್ ಎಷ್ಟಿತ್ತು?

ಶ್ರೀರಂಗಪಟ್ಟಣ: ಯೋಗದವರಿಗೆ ಡಾಲರ್ ಲೆಕ್ಕದಲ್ಲಿ ಮಸಾಜ್ ಮಾಡೋರು ಬಾಣಂತನದ ಬಗ್ಗೆ ಮಾತಾಡಬೇಡಿ.

ಗೋಕುಲಂ: ಡಾಲರ್ ಕೊಡೋರನ್ನ ತೋರಿಸಿ ಸ್ವಾಮಿ, ಇವತ್ತೇ ಬರ್ತೀನಿ.

ಹೆಬ್ಬಾಳ: ಸಕ್ಕರೆ ಕಾಯಿಲೆ ಇರೋರಿಗೆ ಪಾದಕ್ಕೆ ಬಿಸಿ ಎಣ್ಣೆ ಹಾಕಬಹುದಾ?

ಮೇಡಂ: ಉಗುರುಬೆಚ್ಚಗೆ ಮಾತ್ರ, ನಿಮ್ಮ ಮಣಿಕಟ್ಟಿಗೆ ಬಿಟ್ಟು ನೋಡಿಕೊಂಡು. ಅವರ ಪಾದಕ್ಕೆ ಸ್ಪರ್ಶ ಕಡಿಮೆ, ಸುಟ್ಟರೂ ಗೊತ್ತಾಗಲ್ಲ. ಬೆರಳ ಸಂದಿ, ಹಿಮ್ಮಡಿ ನೋಡಿ. ಗಾಯ ಇದ್ದರೆ ಮುಟ್ಟಬೇಡಿ.

ಚಾಮುಂಡಿಪುರಂ: ಮೇಡಂ ಯಾವ ಎಣ್ಣೆ ಒಳ್ಳೇದು?

ಮೇಡಂ: ಮೇಲೆ ಇದೆ.

ಮಂಡ್ಯ: ಹೀಗೆ ಎಲ್ಲರನ್ನೂ ಡಾಕ್ಟರ್ ಹತ್ರ ಕಳಿಸ್ತಾ ಕೂತರೆ ನಾವು ಊಟ ಮಾಡೋದು ಹೇಗೆ ಮೇಡಂ? 20 ಕಿಲೋಮೀಟರ್ ಬೈಕಲ್ಲಿ ಹೋಗಿ, ಊತ ನೋಡಿ ವಾಪಸ್ ಬಂದರೆ ಪೆಟ್ರೋಲ್ ದುಡ್ಡು ಯಾರು ಕೊಡ್ತಾರೆ?

ಮೇಡಂ: ಇದು ಸರಿಯಾದ ಪ್ರಶ್ನೆ. ಬರೀ ಮಸಾಜ್‌ಗೆ ಅಂತ ದುಡ್ಡು ತಗೊಂಡರೆ ಕಾಲು ಊದಿದ್ದರೂ ಕೈ ಹಾಕೋಣ ಅನಿಸುತ್ತೆ. ಅದಕ್ಕೇ ಬಂದು ನೋಡಿದ್ದಕ್ಕೆ ಒಂದು, ಮಸಾಜ್‌ಗೆ ಒಂದು ಅಂತ ಬೇರೆ ಬೇರೆ ಇಡಿ. ಫೋನ್‌ನಲ್ಲೇ ಹೇಳಿ, ನೋಡೋ ದುಡ್ಡು ಮೊದಲೇ ಯುಪಿಐ ಮಾಡಿಸಿಕೊಳ್ಳಿ. ಫೋನ್‌ನಲ್ಲೇ ಕೇಳಿ ಕೂಡ: ಆಪರೇಷನ್ ಆಗಿದೆಯಾ, ರಕ್ತ ತೆಳು ಮಾಡೋ ಮಾತ್ರೆ ಇದೆಯಾ, ಜ್ವರ ಇದೆಯಾ, ಒಂದೇ ಕಾಲು ಊದಿದೆಯಾ. ಅರ್ಧ ಓಡಾಟ ಅಲ್ಲೇ ಉಳಿಯುತ್ತೆ.

ಹೆಬ್ಬಾಳ: ನೋಡೋಕೂ ದುಡ್ಡು ಅಂದರೆ ಮಂಡ್ಯದಲ್ಲಿ ಯಾರೂ ಕರೆಯಲ್ಲ 😄

ಮಂಡ್ಯ: ನೀವೇ ಅಲ್ವಾ 10 ಸಿಟ್ಟಿಂಗ್ ಪ್ಯಾಕೇಜ್ ಅರ್ಧ ರೇಟಿಗೆ ಹಾಕಿ ಎಲ್ಲರ ಹೊಟ್ಟೆ ಮೇಲೆ ಹೊಡೆದಿದ್ದು?

ಹೆಬ್ಬಾಳ: ನನ್ನ ರೇಟು ನನ್ನಿಷ್ಟ.

ಮಂಡ್ಯ: ಟವೆಲ್ ಒಗೆಯೋ ಖರ್ಚಾದರೂ ಹುಟ್ಟುತ್ತಾ ಅದರಲ್ಲಿ? ಅಥವಾ ಒಗೆಯೋದೇ ಇಲ್ವಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಜಯಲಕ್ಷ್ಮೀಪುರಂ: ಜಿಎಸ್‌ಟಿ ಮಾಡಿಸ್ಬೇಕಾ ಮೇಡಂ?

ಮೇಡಂ: ಸರ್ವಿಸ್‌ಗೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದರೆ. ಅಂಗಡಿ ಹಾಕಿದ್ದರೆ ಟ್ರೇಡ್ ಲೈಸೆನ್ಸ್ ಬಗ್ಗೆ ಪಾಲಿಕೆಯಲ್ಲೇ ವಿಚಾರಿಸಿ.

ವಿಜಯನಗರ: ಮೇಡಂ, ಒಬ್ಬ ಗಿರಾಕಿ ಟೇಬಲ್ ಮೇಲೆ ಮಲಗಿಕೊಂಡು ಎಕ್ಸ್‌ಟ್ರಾ ಎಷ್ಟು ಅಂತ ಕೇಳ್ತಾನೆ. ಹಳೇ ಗಿರಾಕಿ, ಹೇಗೆ ಹೇಳೋದು?

ಮೇಡಂ: ಕೈ ತೆಗೆದು, ಮಸಾಜ್ ಮುಗಿಯಿತು ಅಂತ ಹೇಳಿ ರೂಮಿಂದ ಹೊರಗೆ ಬನ್ನಿ. ಹಳಬರಾದರೇನು. ನಂಬರ್ ಬ್ಲಾಕ್ ಮಾಡಿ. ಮನೆಗೆ ಕರೆದರೆ ಒಬ್ಬರೇ ಹೋಗಬೇಡಿ, ಲೊಕೇಶನ್ ಯಾರಿಗಾದರೂ ಕಳಿಸಿಟ್ಟಿರಿ.

ಸರಸ್ವತಿಪುರಂ: ಕಪ್ಪಿಂಗ್ ಸೆಟ್ ಕೇಳಿದ್ದೆ…

ಶ್ರೀರಂಗಪಟ್ಟಣ: ಮದ್ದೂರು ಅಕ್ಕ, ಸುಮ್ನೆ ಹೆದರಬೇಡಿ, ಮೆಲ್ಲಗೆ ಎಣ್ಣೆ ಸವರಿದರೆ ಏನಾಗಲ್ಲ.

ಮೇಡಂ: ರೀ, ನೀವು ಆ ಕಾಲು ನೋಡಿದ್ದೀರಾ? ನಾನೂ ನೋಡಿಲ್ಲ, ಅದಕ್ಕೇ ಸ್ಕ್ಯಾನ್ ಅನ್ನುತ್ತಿರೋದು. ಇನ್ನೊಂದು ಸಲ ಹೀಗೆ ಹಾಕಿದರೆ ನಾನು ಗ್ರೂಪ್ ಬಿಡ್ತೀನಿ. ಮದ್ದೂರಿನವರೇ, ಫೋನ್ ಮಾಡಿದ್ರಾ?

ಮದ್ದೂರು: ಮಾಡಿದೆ ಮೇಡಂ. ಅತ್ತೆ ಮಂಗಳವಾರ ಮನೆ ಹೊಸ್ತಿಲು ದಾಟಿಸಲ್ಲ ಅಂದರು. ಅವಳ ಅಣ್ಣನಿಗೆ ಮಾಡಿದೆ, ಕಾರ್ ತಗೊಂಡು ಬರ್ತಿದಾನೆ. ನಾನೂ ಜೊತೆಗೆ ಹೋಗ್ತಿದೀನಿ.

ಮೇಡಂ: ಒಳ್ಳೇದು. ಕಾಲು ಒತ್ತಬೇಡಿ, ನಡೆಸಬೇಡಿ. ಹೋದ ತಕ್ಷಣ ಸಿಸೇರಿಯನ್ ಆಗಿ 16 ದಿನ, ಒಂದೇ ಕಾಲು ಊತ ಅಂತ ಮೊದಲು ಹೇಳಿ. ಅಲ್ಲಿಂದ ನನಗೇ ಮೆಸೇಜ್ ಹಾಕಿ, ಇಲ್ಲಿ ಬೇಡ.

ಪಾಂಡವಪುರ: ಡಿಲೀಟ್ ಮಾಡಿದೆ. ಆದರೆ ಮಂಡಿನೋವಿಗೆ ಎಕ್ಕದ ಎಲೆ ಕಟ್ಟಬಹುದು ಅಲ್ವಾ ಮೇಡಂ?

ಅಡ್ಮಿನ್: ಇವತ್ತಿಗೆ ಕಾಮೆಂಟ್ ಬಂದ್.