ಬೆಳಗಿನ ಬಸ್ಸು, ಹೋಬಳಿ ಆಸ್ಪತ್ರೆ: ಸದಸ್ಯೆ ಅಕ್ಕನನ್ನು ಈ ಸಲ ಒಬ್ಬರೇ ಕಳಿಸುವುದು ಬೇಡ

3ನೇ ಅಡ್ಡರಸ್ತೆ, ಟೈಲರಿಂಗ್ ಮನೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ಮಂಗಳವಾರ ನಮ್ಮ ಅತ್ತೆಯನ್ನು ಸಕ್ಕರೆ ಕಾಯಿಲೆ ಪರೀಕ್ಷೆಗೆ ಹೋಬಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರು. ರಾತ್ರಿ ಎಂಟಕ್ಕೆ ಉಂಡವರು ಬೆಳಿಗ್ಗೆ ಕಾಫಿಯನ್ನೂ ಮುಟ್ಟಿರಲಿಲ್ಲ. ನಮ್ಮ ಬಡಾವಣೆ ಹತ್ತಿರ ಬಸ್ ನಿಲ್ಲುವುದಿಲ್ಲ. ಒಂದೂವರೆ ಕಿಲೋಮೀಟರ್ ನಡೆದು ಊರ ಸರ್ಕಲ್‌ಗೆ ಹೋಗಿ ನಿಂತೆವು. ಬಸ್ ಬಂದಿದ್ದು ಹತ್ತೂಕಾಲಿಗೆ. ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ದಾಟಿತ್ತು. "ಹತ್ತೂವರೆಗೇ ರಕ್ತ ತೆಗೆಯೋದು ಮುಗೀತಲ್ಲಮ್ಮ, ನಾಳೆ ಬೇಗ ಬನ್ನಿ" ಎಂದರು ಲ್ಯಾಬಿನವರು. ನಾಳೆಯೂ ಅದೇ ಬಸ್ ತಾನೇ?

ಅತ್ತೆ ಮೆಟ್ಟಿಲ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರು. ಕೈ ನಡುಗುತ್ತಿತ್ತು. ಹಣೆ ತಣ್ಣಗಾಗಿ ಬೆವರು ಇಳಿಯುತ್ತಿತ್ತು. ಚುಚ್ಚುಮದ್ದಿಗೆ ಮಗುವನ್ನು ಕರೆತಂದಿದ್ದ ಹೆಂಗಸೊಬ್ಬರು ತಮ್ಮ ಚೀಲದಿಂದ ಎರಡು ಬಿಸ್ಕತ್ ತೆಗೆದು ಕೊಟ್ಟರು. ಅದನ್ನು ನೀರಲ್ಲಿ ಅದ್ದಿ ತಿನ್ನಿಸಿದ ಮೇಲೆ ಅತ್ತೆ ಕಣ್ಣು ಬಿಟ್ಟರು. ಆ ಐದು ನಿಮಿಷ ನನಗೆ ಇನ್ನೂ ಮರೆಯಲು ಆಗುತ್ತಿಲ್ಲ.

ಕಳೆದ ಗ್ರಾಮಸಭೆಯಲ್ಲಿ ನಮ್ಮ ವಾರ್ಡಿನ ಸದಸ್ಯೆ ಅಕ್ಕ ಬಸ್ಸು, ಆಸ್ಪತ್ರೆ ಎರಡನ್ನೂ ಎತ್ತಿದ್ದರು. ನಾನು ಅಲ್ಲೇ ಇದ್ದೆ. ಬಡಾವಣೆಯಿಂದ ಬಂದಿದ್ದವರು ಐದೇ ಜನ. ಹಿಂದಿನ ಸಾಲಿನಲ್ಲಿ ಯಾರೋ "ಆ ಕಡೆ ಎಷ್ಟು ಜನ ಓಡಾಡ್ತಾರೆ ಬಿಡಿ" ಅಂದರು. ಅಕ್ಕ ಒಬ್ಬರೇ ನಿಂತು ಉತ್ತರ ಕೊಟ್ಟರು. ಮುಂದಿನ ಗುರುವಾರ ತಾಲ್ಲೂಕಿನಲ್ಲಿ ಜನಸ್ಪಂದನ ಸಭೆ ಇದೆ, ಅಧಿಕಾರಿಗಳು ಕೂತು ಜನರ ಅಹವಾಲು ಕೇಳುವ ಸಭೆ. ಅಕ್ಕ ಹೋಗುತ್ತಿದ್ದಾರೆ. ಈ ಸಲವೂ ಅವರೊಬ್ಬರೇ ಹೋಗಬಾರದು. ಏನು ಮಾಡೋಣ, ಹೇಳಿ.

ನೀರಿನ ಟ್ಯಾಂಕ್ ಎದುರು ಮನೆ:
ಅಕ್ಕ, ಅಮ್ಮ ಈಗ ಹೇಗಿದ್ದಾರೆ? ಓದಿ ತುಂಬಾ ಸಂಕಟ ಆಯಿತು.

ನನ್ನ ಮಗನಿಗೆ ನಾಯಿ ಕಚ್ಚಿದ್ದು ಗೊತ್ತಲ್ಲ. ಅದರ ಲಸಿಕೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಮೊದಲ ದಿನ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ಒಂದೂ ತಪ್ಪಿಸುವ ಹಾಗಿಲ್ಲ, ರೇಬಿಸ್ ಶುರುವಾದರೆ ಔಷಧಿ ಇಲ್ಲ. ನಾಲ್ಕು ಸಲವೂ ನನ್ನ ಕೂಲಿ ಹೋಯಿತು. 7ನೇ ದಿನ ಬಸ್ಸೇ ಬರಲಿಲ್ಲ. ಸಾಲ ಮಾಡಿ ಆಟೋ ಹಿಡಿದೆ. ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಪುಕ್ಕಟೆ ಕೊಟ್ಟರು, ಅದನ್ನು ಹೇಳಲೇಬೇಕು. ಅಲ್ಲಿಗೆ ತಲುಪುವುದೇ ಕಷ್ಟ.

1ನೇ ಅಡ್ಡರಸ್ತೆ, ಮೊಬೈಲ್ ರಿಪೇರಿ:
ಸುಮ್ನೆ ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಸೋಮವಾರ ಸರ್ಕಲ್‌ನಲ್ಲಿ ರಸ್ತೆ ತಡೆ ಮಾಡೋಣ. ಹುಡುಗರನ್ನು ನಾನು ಸೇರಿಸುತ್ತೇನೆ.

ಶಾಲೆ ಹಿಂದಿನ ಮನೆ, ನಿವೃತ್ತ ಮೇಷ್ಟ್ರು:
ತಮ್ಮಾ, ನಿನ್ನ ಕಾಳಜಿ ಅರ್ಥವಾಗುತ್ತೆ. ಆದರೆ ಸರ್ಕಲ್‌ನಲ್ಲಿ ನಾವು ತಡೆಯುವುದು ಅದೇ ಹತ್ತೂಕಾಲಿನ ಬಸ್ಸನ್ನು. ಅದರಲ್ಲಿ ಇನ್ಯಾರದೋ ಅತ್ತೆ ಖಾಲಿ ಹೊಟ್ಟೆಯಲ್ಲಿ ಕೂತಿರುತ್ತಾರೆ. ಅದೊಂದು ಬೇಡ. ನೀನು ಹುಡುಗರನ್ನು ಸೇರಿಸು, ಬೇರೆ ಕೆಲಸ ಇದೆ.

2ನೇ ಅಡ್ಡರಸ್ತೆ, ಹಾಲಿನ ಡೈರಿ:
ಪಂಚಾಯ್ತಿ ಸದಸ್ಯೆ ಕೈಲಿ ಬಸ್ ತರಿಸೋದು ಆಗುತ್ತಾ? ಅಕ್ಕನ ಮೇಲೆ ಗೌರವ ಇದೆ, ತಪ್ಪು ತಿಳಿಯಬೇಡಿ. ಆದರೆ ನೇರ ಎಂಎಲ್‌ಎ ಹತ್ತಿರ ಹೋದರೆ ಒಳ್ಳೆಯದಲ್ವಾ?

ನಿವೃತ್ತ ಮೇಷ್ಟ್ರು:
ಎಂಎಲ್‌ಎ ಹತ್ತಿರವೂ ಹೋಗೋಣ, ಬೇಡ ಅಂದವರು ಯಾರು? ಆದರೆ ಪಂಚಾಯ್ತಿ ಸದಸ್ಯೆ ಏನು ಮಾಡಿಯಾರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆಂದು 29 ವಿಷಯ ಬರೆದಿದ್ದಾರೆ. ಆರೋಗ್ಯ ಅದರಲ್ಲಿ ಬರುತ್ತೆ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ರಸ್ತೆಯೂ ಇದೆ. ಬಸ್ ಓಡಿಸುವುದು ಸಾರಿಗೆ ಸಂಸ್ಥೆಯ ಕೆಲಸ, ನಿಜ. ಆದರೆ ಯಾವ ಊರಿಗೆ ಯಾವ ಹೊತ್ತಿಗೆ ಬಸ್ ಬೇಕು ಅಂತ ಹೇಳಬೇಕಾದವರು ಯಾರು? ಊರಿನವರೇ ತಾನೇ?

ಇನ್ನೊಂದು ಮಾತು. ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೊದಲಾದರೆ ಇಂಥ ವಿಷಯವನ್ನು ಆ ಸದಸ್ಯರು ಮೇಲಿನ ಸಭೆಯಲ್ಲಿ ಎತ್ತುತ್ತಿದ್ದರು. ಆ ಭಾರವೂ ಗ್ರಾಮ ಪಂಚಾಯ್ತಿಯವರ ತಲೆ ಮೇಲೆ ಬಂತು. ನಮ್ಮ ಸದಸ್ಯೆ ಅದನ್ನು ಹೊತ್ತುಕೊಂಡಿದ್ದಾರೆ. ಮಿಕ್ಕವರು ಕೈ ಕೊಡಬೇಕು, ಅಷ್ಟೇ.

ವಾರ್ಡ್ ಸದಸ್ಯೆ:
ಎಲ್ಲರಿಗೂ ವಂದನೆ. ಗದ್ದೆಯಲ್ಲಿದ್ದೆ, ಈಗ ಓದಿದೆ. ಅಮ್ಮನ ವಿಷಯ ನನಗೆ ಗೊತ್ತೇ ಇರಲಿಲ್ಲ, ಸಂಜೆ ಮನೆಗೆ ಬರುತ್ತೇನೆ.

ಗ್ರಾಮಸಭೆ ಆದ ಮೇಲೆ ನಾನು ಎರಡು ಸಲ ಡಿಪೋಗೆ ಹೋಗಿ ಬಂದೆ. ಮೊದಲ ಸಲ ಹೊರಗೇ ಕೂರಿಸಿದರು. ಎರಡನೇ ಸಲ ಒಳಗೆ ಕರೆದು ಸಮಾಧಾನವಾಗಿ ಮಾತಾಡಿದರು. ಅವರು ಹೇಳಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಬೆಳಿಗ್ಗೆ ತಾಲ್ಲೂಕಿನಿಂದ ಹೊರಟ ಬಸ್ ನಮ್ಮೂರಿಗೆ ಬರುವಷ್ಟರಲ್ಲಿ ಹತ್ತು ದಾಟುತ್ತೆ. ಅದನ್ನು ಇನ್ನೂ ಬೇಗ ಬಿಟ್ಟರೆ ಬೇರೆ ನಾಲ್ಕು ಊರಿನ ಶಾಲೆ ಮಕ್ಕಳಿಗೆ ತೊಂದರೆ. ನಮಗೆ ಬೆಳಿಗ್ಗೆ ಏಳೂವರೆಗೆ ಬಸ್ ಬೇಕಾದರೆ ಇರುವುದು ಒಂದೇ ದಾರಿ, ನೈಟ್ ಹಾಲ್ಟ್. ರಾತ್ರಿ ಕೊನೆಯ ಬಸ್ ನಮ್ಮೂರಲ್ಲೇ ನಿಂತು, ಬೆಳಿಗ್ಗೆ ಇಲ್ಲಿಂದಲೇ ಹೊರಡಬೇಕು. ಹಾಗಾದರೆ ಹೋಬಳಿಗೆ ಎಂಟೂಕಾಲಿಗೆ ತಲುಪಬಹುದು. ಆಸ್ಪತ್ರೆ ತೆಗೆಯುವುದು 9ಕ್ಕೆ. ಹೈಸ್ಕೂಲ್ ಮಕ್ಕಳಿಗೂ ಅದೇ ಬಸ್ ಆಗುತ್ತೆ.

"ಹಿಂದೆ ನಿಮ್ಮೂರಿಗೆ ನೈಟ್ ಹಾಲ್ಟ್ ಇತ್ತಮ್ಮ, ನಮ್ಮ ಸಿಬ್ಬಂದಿಯೇ ಬೇಡ ಅಂದರು" ಎಂದರು. ಏಕೆ ಅಂತ ಕೇಳಿದೆ. ಮಲಗಲು ಜಾಗ ಇಲ್ಲ. ಶೌಚಾಲಯ ಇಲ್ಲ. ಬಸ್ ತಿರುಗಿಸಲೂ ಜಾಗ ಇಲ್ಲ. ನನಗೆ ತಲೆ ತಗ್ಗಿಸುವ ಹಾಗಾಯಿತು.

4ನೇ ಅಡ್ಡರಸ್ತೆ, ಬಸ್ ಡ್ರೈವರ್ ಮನೆ:
ನಾನು ಕೆಲಸ ಮಾಡುವುದು ಬೇರೆ ಜಿಲ್ಲೆಯ ಡಿಪೋದಲ್ಲಿ. ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ನೈಟ್ ಹಾಲ್ಟ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಬಸ್ ನಿಲ್ಲಿಸಿ, ಸೀಟಿನ ಮೇಲೆ ಟವಲ್ ಹಾಸಿ ಮಲಗುತ್ತೇವೆ. ಸೊಳ್ಳೆ ಕಾಟಕ್ಕೆ ಕಿಟಕಿ ತೆಗೆಯುವ ಹಾಗಿಲ್ಲ, ಮುಚ್ಚಿದರೆ ಸೆಕೆ. ಬೆಳಿಗ್ಗೆ ಕತ್ತಲಲ್ಲೇ ನೀರಿನ ಬಾಟ್ಲಿ ಹಿಡಿದು ಹೊಲದ ಕಡೆ ಹೋಗಬೇಕು. ನಿದ್ದೆ ಇಲ್ಲದೆ ಅರವತ್ತು ಜನರನ್ನು ಕೂರಿಸಿಕೊಂಡು ಓಡಿಸಬೇಕು. ಒಂದು ರೂಮು, ಎರಡು ಚಾಪೆ, ನೀರು ಬರುವ ಶೌಚಾಲಯ ಕೊಡುವ ಊರಿಗೆ ನಾವು ಸಂತೋಷದಿಂದ ಹೋಗುತ್ತೇವೆ.

ನಮ್ಮ ಸಮುದಾಯ ಭವನ ಮದುವೆ ಇದ್ದಾಗ ಬಿಟ್ಟರೆ ಖಾಲಿ ಬಿದ್ದಿರುತ್ತಲ್ಲ, ಅದರ ಪಕ್ಕದ ಕೋಣೆ ಸಾಕು.

ಹೆಂಗಸರಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಉಚಿತ. ಆದರೂ ಟಿಕೆಟ್ ತೆಗೆದುಕೊಳ್ಳಲೇಬೇಕು. ಹತ್ತಿರದ ದಾರಿ ಅಂತ ಸುಮ್ನೆ ಕೂತು ಇಳಿದುಬಿಡಬೇಡಿ. ನಿಮ್ಮ ಸೊನ್ನೆ ಟಿಕೆಟ್‌ನ ಹಣವನ್ನು ಸರ್ಕಾರ ಸಂಸ್ಥೆಗೆ ಕೊಡುತ್ತೆ. ಟಿಕೆಟ್ ಮೆಷಿನ್‌ನಲ್ಲಿ ಬಂದರೆ ಮಾತ್ರ ಈ ರೂಟಿನಲ್ಲಿ ಜನ ಇದ್ದಾರೆ ಅಂತ ಲೆಕ್ಕ. ಕಂಡಕ್ಟರ್ ಮರೆತರೂ ನೀವೇ ಕೇಳಿ ತೆಗೆದುಕೊಳ್ಳಿ.

ಟೈಲರಿಂಗ್ ಮನೆ:
ಅಯ್ಯೋ ಅಣ್ಣ, ಇದು ನನಗೆ ಗೊತ್ತಿರಲಿಲ್ಲ. ಗ್ರಾಮಸಭೆಯಲ್ಲಿ "ಎಷ್ಟು ಜನ ಓಡಾಡ್ತಾರೆ" ಅಂದವರಿಗೆ ಕೊಡಲು ಇದೇ ಉತ್ತರ. ನಾಳೆಯಿಂದ ಎಲ್ಲರಿಗೂ ಹೇಳುತ್ತೇನೆ.

ಅಂಗನವಾಡಿ ಪಕ್ಕದ ಮನೆ, ಆಶಾ ಕಾರ್ಯಕರ್ತೆ:
ಬಸ್ ಬಂದರೆ ಅರ್ಧ ಗೆದ್ದ ಹಾಗೆ. ಆದರೆ ಆಸ್ಪತ್ರೆ ವಿಷಯ ಬಿಡಬೇಡಿ. ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರ ತಪಾಸಣೆ ಇರುತ್ತೆ. ಹೋದ ತಿಂಗಳು ನಮ್ಮ ಬಡಾವಣೆಯಿಂದ ಮೂವರನ್ನು ಕರೆದುಕೊಂಡು ಹೋದೆ. ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತಿದ್ದಾಗಲೇ ಒಂದೂಕಾಲಿನ ಬಸ್ ಹೊರಟುಹೋಯಿತು. ಮುಂದಿನ ಬಸ್ ಆರೂವರೆಗೆ. ಎಂಟು ತಿಂಗಳ ಹುಡುಗಿ ಅಷ್ಟು ಹೊತ್ತು ಆಸ್ಪತ್ರೆ ಹೊರಗಿನ ಮರದ ಕೆಳಗೆ ಕೂತಿದ್ದಳು. ಕಾಲು ಊದಿಕೊಂಡು ಚಪ್ಪಲಿ ಹಾಕಲೂ ಆಗುತ್ತಿರಲಿಲ್ಲ. ಹಾಗಾಗಿ ಬೆಳಗಿನ ಬಸ್ಸಿನ ಜೊತೆ ಮಧ್ಯಾಹ್ನ ಮೂರಕ್ಕೆ ವಾಪಸ್ ಬಸ್ಸನ್ನೂ ಕೇಳಲೇಬೇಕು.

ಡಾಕ್ಟರನ್ನು ವಾರದಲ್ಲಿ ಕೆಲವು ದಿನ ಬೇರೆ ಕಡೆ ಹಾಕುತ್ತಾರೆ. ಅವರದ್ದೂ ತಪ್ಪಲ್ಲ. ಯಾವ ದಿನ ಇರುತ್ತಾರೆ, ಯಾವ ದಿನ ಇಲ್ಲ ಅನ್ನೋದನ್ನು ಹಿಂದಿನ ದಿನವೇ ತಿಳಿಸಿದರೆ ಸಾಕು, ಜನ ಸುಮ್ನೆ ಹೋಗಿ ವಾಪಸ್ ಬರುವುದು ತಪ್ಪುತ್ತೆ.

ಹಾಲಿನ ಡೈರಿ:
ನಮ್ಮೂರಿಗೇ ಒಂದು ಆಸ್ಪತ್ರೆ ಕೊಡಿ ಅಂತ ಕೇಳಬಾರದಾ? ಬಸ್ಸಿನ ಗೋಳೇ ಇರಲ್ಲ.

ವಾರ್ಡ್ ಸದಸ್ಯೆ:
ನಾನೂ ವಿಚಾರಿಸಿದೆ ಅಣ್ಣ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಾದರೆ 20,000 ಜನಕ್ಕೆ ಒಂದು ಅಂತ ಮಾನದಂಡ ಇದೆ. ನಮ್ಮದು ಅಷ್ಟು ದೊಡ್ಡದಲ್ಲ. ಕೇಳಿದರೆ ಇದನ್ನೇ ತೋರಿಸಿ ಕಳಿಸುತ್ತಾರೆ, ನಮ್ಮ ಮಿಕ್ಕ ಬೇಡಿಕೆಯೂ ಅದರ ಜೊತೆಗೇ ಮೂಲೆ ಸೇರುತ್ತೆ. ಆದರೆ ಆರೋಗ್ಯ ಉಪಕೇಂದ್ರ ಈಗಾಗಲೇ ಊರಲ್ಲಿ ಇದೆ. ವಾರಕ್ಕೊಂದು ದಿನ ಬೆಳಿಗ್ಗೆ ಅಲ್ಲೇ ಬಿಪಿ, ಸಕ್ಕರೆ ನೋಡಿ ಅಂತ ಕೇಳೋಣ. ವಯಸ್ಸಾದವರಿಗೆ ಅಷ್ಟಾದರೂ ಸಿಗಲಿ.

ನನ್ನ ವಿನಂತಿ ಇಷ್ಟೇ. ಜನಸ್ಪಂದನದಲ್ಲಿ ನಾನು ಎದ್ದು ನಿಂತಾಗ ಸಾರಿಗೆಯವರು ಆರೋಗ್ಯದವರನ್ನು ತೋರಿಸುತ್ತಾರೆ, ಆರೋಗ್ಯದವರು ಸಾರಿಗೆಯವರನ್ನು ತೋರಿಸುತ್ತಾರೆ. ಗ್ರಾಮಸಭೆಯಲ್ಲೂ ಹಾಗೇ ಆಯಿತು. ಅದಕ್ಕೆ ಎರಡು ಅರ್ಜಿ ಬೇಡ, ಒಂದೇ ಇರಲಿ. ಲ್ಯಾಬ್ ಎಷ್ಟು ಗಂಟೆಗೆ, ಬಸ್ ಎಷ್ಟು ಗಂಟೆಗೆ, ಎರಡನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆಯೋಣ.

ನಿವೃತ್ತ ಮೇಷ್ಟ್ರು:
ಅರ್ಜಿ ನಾನು ಬರೆಯುತ್ತೇನೆ. ಗ್ರಾಮಸಭೆಯ ನಡಾವಳಿಯಲ್ಲಿ ಈ ವಿಷಯ ದಾಖಲಾಗಿದೆಯಾ ಅಂತ ಪಿಡಿಒ ಹತ್ತಿರ ಪ್ರತಿ ಕೇಳಿ ಪಡೆಯಿರಿ, ಅದನ್ನು ಅರ್ಜಿಗೆ ಲಗತ್ತಿಸೋಣ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯವರೆಗೆ ಕಾಯಬೇಕಾಗುತ್ತೆ, ಅದು ಆರು ತಿಂಗಳಿಗೊಮ್ಮೆ. ಜನಸ್ಪಂದನ ಸಭೆಯಲ್ಲಿ ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಬರೆಸಿಕೊಳ್ಳಿ. ಅದರ ಜೊತೆಗೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ.

ಅರ್ಜಿಯ ಜೊತೆ ಪ್ರತಿ ಮನೆಯಿಂದ ಒಂದೊಂದು ಸಾಲು ಬೇಕು. ಯಾವ ದಿನ, ಯಾವ ಕೆಲಸಕ್ಕೆ ಹೊರಟಿರಿ, ಬಸ್ ಎಷ್ಟಕ್ಕೆ ಬಂತು, ಏನು ತಪ್ಪಿತು, ಅಷ್ಟೇ. ಬೈಗುಳ ಬೇಡ. ಕಾಯಿಲೆ ಹೆಸರು ಬರೆಯಲು ಇಷ್ಟ ಇಲ್ಲದವರು "ಆಸ್ಪತ್ರೆ ಕೆಲಸ" ಅಂತ ಬರೆದರೆ ಸಾಕು.

ಮೊಬೈಲ್ ರಿಪೇರಿ:
ಮೇಷ್ಟ್ರೇ, ಒಪ್ಪಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಹುಡುಗರು ಬರುತ್ತೇವೆ. ಸರ್ಕಲ್‌ನಿಂದ ಭವನದವರೆಗೆ ಜಾಲಿ ರಸ್ತೆಗೆ ಬಾಗಿದೆ, ಬಸ್ಸಿನ ಗಾಜಿಗೆ ಬಡಿಯುತ್ತೆ. ಅದನ್ನು ಕಡಿಯುತ್ತೇವೆ. ಭವನದ ಮುಂದಿನ ಜಲ್ಲಿ ರಾಶಿ ಯಾರದು? ಅದು ಹೋದರೆ ಬಸ್ ಆರಾಮಾಗಿ ತಿರುಗುತ್ತೆ.

2ನೇ ಅಡ್ಡರಸ್ತೆ, ಗಾರೆ ಕೆಲಸದ ಮನೆ:
ಜಲ್ಲಿ ನನ್ನದು. ಮನೆ ಕೆಲಸ ನಿಂತುಹೋಗಿ ಹಾಗೇ ಬಿದ್ದಿತ್ತು, ಕ್ಷಮಿಸಿ. ಶನಿವಾರವೇ ಟ್ರ್ಯಾಕ್ಟರ್ ತಂದು ಎತ್ತಿಸುತ್ತೇನೆ. ಭವನದ ಶೌಚಾಲಯದ ಬಾಗಿಲಿನ ಚಿಲಕ ಕಿತ್ತಿದೆ, ಅದನ್ನೂ ಹಾಕಿಕೊಡುತ್ತೇನೆ.

ಬಸ್ ಡ್ರೈವರ್ ಮನೆ:
ಬಡಾವಣೆ ತಿರುವಿನಲ್ಲಿ ಕೋರಿಕೆ ನಿಲುಗಡೆ ಬೇಕು ಅಂತಲೂ ಅರ್ಜಿಯಲ್ಲಿ ಸೇರಿಸಿ. ಕೈ ತೋರಿಸಿದರೆ ನಿಲ್ಲಿಸುವ ಜಾಗ ಅದು. ಬರವಣಿಗೆಯಲ್ಲಿ ಇದ್ದರೆ ಡ್ರೈವರ್‌ಗೂ ಧೈರ್ಯ. ಒಂದೂವರೆ ಕಿಲೋಮೀಟರ್ ನಡೆಯುವುದು ತಪ್ಪುತ್ತೆ.

ನೀರಿನ ಟ್ಯಾಂಕ್ ಎದುರು ಮನೆ:
ಎರಡು ಚಾಪೆ, ಒಂದು ಸೊಳ್ಳೆ ಪರದೆ ನಮ್ಮ ಮನೆಯಿಂದ. ಗುರುವಾರ ನಾನೂ ಬರುತ್ತೇನೆ. ಕೂಲಿ ಹೋದರೂ ಪರವಾಗಿಲ್ಲ. ಮಗನ ಲಸಿಕೆ ಚೀಟಿ ಜೊತೆಗೆ ತರುತ್ತೇನೆ.

ವಾರ್ಡ್ ಸದಸ್ಯೆ:
ಭವನದ ಬೀಗದ ಕೈ ಪಂಚಾಯ್ತಿ ಆಫೀಸಿನಲ್ಲಿದೆ, ನಾಳೆ ಕೇಳಿ ತರುತ್ತೇನೆ. ಕೋಣೆಯನ್ನು ಬಸ್ ಸಿಬ್ಬಂದಿಗೆ ಕೊಡುತ್ತೇವೆ ಅಂತ ಪಂಚಾಯ್ತಿಯಿಂದ ಪತ್ರ ಬರೆಸುವುದು ನನ್ನ ಜವಾಬ್ದಾರಿ. ಗುರುವಾರ ಎಷ್ಟು ಜನ ಬರುತ್ತೀರಿ, ಈಗಲೇ ಹೇಳಿಬಿಡಿ.

ಟೈಲರಿಂಗ್ ಮನೆ:
ನಮ್ಮ ಮನೆಯಿಂದ ಇಬ್ಬರು. ನಾನು ಬೇಡ ಅಂದರೂ ಅತ್ತೆ ಕೇಳುತ್ತಿಲ್ಲ. "ತಿಂಡಿ ತಿಂದೇ ಬರ್ತೀನಿ ಬಿಡು, ಮೊದಲ ರುಜು ನಂದೇ ಇರಲಿ" ಅಂತಿದ್ದಾರೆ. ಅರ್ಜಿ ಹಾಳೆ ಸಂಜೆಯಿಂದ ನಮ್ಮ ಹೊಲಿಗೆ ಮೆಷಿನ್ ಮೇಲೆ ಇರುತ್ತೆ. ರಾತ್ರಿ ಒಂಬತ್ತರವರೆಗೆ ಬಾಗಿಲು ತೆಗೆದಿರುತ್ತೆ, ಬಂದು ಬರೆದು ಹೋಗಿ.